ಎರಡು ಬೋಲ್ಟುಗಳ ನಡುವಿನ ತಂತಿ

ತಂತಿ ಮತ್ತೆ ತುಂಡಾಯಿತು. ಕೂದಲಿನಷ್ಟು ತೆಳು, ಇದು ನಾಲ್ಕನೆಯದು. ಗಡಿಯಾರದಲ್ಲಿ ಮೂರೂಕಾಲು. ನಾಲ್ಕಕ್ಕೆ ವಿಚಾರಣಾಧಿಕಾರಿ ಬಂದು ಮಾದರಿಯನ್ನು ಒಯ್ಯುತ್ತಾರೆ.

ಮೇಜಿನ ಮೇಲೆ ಅಂಗೈಯಗಲದ ವಿಮಾನದ ಎಂಜಿನ್. ವಿಮಾನ ಮೆಕ್ಯಾನಿಕ್‌ಗಳ ತರಬೇತಿ ಶಾಲೆಗೆ ಇಂಥ ಮಾದರಿ ಮಾಡಿಕೊಡುವುದೇ ಅವಳ ಕೆಲಸ. ಆದರೆ ಒಂದನ್ನು ಹನ್ನೊಂದೇ ದಿನದಲ್ಲಿ ಮುಗಿಸಿದ್ದು ಎಂದೂ ಇಲ್ಲ.

ಎಣ್ಣೆ ಕೊಳವೆಯನ್ನು ಹಿಡಿದಿಡುವ ಎರಡು ಬೋಲ್ಟು; ನಡುವೆ ಹೆಣೆದ ತಂತಿ. ಬೋಲ್ಟು ಸಡಿಲಾಗಲು ಹೊರಟರೆ ತಂತಿ ಅದನ್ನು ಬಿಗಿಯ ಕಡೆಗೇ ಎಳೆಯಬೇಕು. ಅವಳ ಗಂಡ ಹಾರಿಸಿದ ವಿಮಾನದಲ್ಲಿ ತಂತಿಯನ್ನು ತಿರುವುಮುರುವಾಗಿ ಕಟ್ಟಲಾಗಿತ್ತು. ಬೋಲ್ಟು ಕಳಚಿತು. ಎಣ್ಣೆ ಸೋರಿತು. ಎಂಜಿನ್ ಆಕಾಶದಲ್ಲೇ ನಿಂತಿತು.

ಕಟ್ಟಿದವನು ಗುಂಗುರು ಕೂದಲಿನ ಮೆಕ್ಯಾನಿಕ್. ಮದುವೆಯಾಗಿ ವರ್ಷವಾಗಿಲ್ಲ. ಈಗ ಜೈಲಿನಲ್ಲಿದ್ದಾನೆ. ವಿಚಾರಣೆ ಎತ್ತ ವಾಲುತ್ತದೆಂಬುದು ಈ ಮಾದರಿಯ ಮೇಲೆ ನಿಂತಿತ್ತು.

ಅತ್ತೆ ಚಹಾ ತಂದಿಟ್ಟರು.

“ಅವನ ಹೆಂಡತಿ ಮತ್ತೆ ಗೇಟಿನ ಹತ್ರ ಬಂದಿದ್ಲು. ಕಲಿಸಿದ ಹಾಗೇ ಕಟ್ಟಿದ್ದಾರೆ ಅಂತ ಅದೇ ಹಾಡು.”

“ನೀವೇನಂದ್ರಿ?”

“ಏನಂತೀನಿ? ನನ್ನ ಸೊಸೆ ಕೆಲಸ ಮಾಡೋ ಶಾಲೆ ಕಣಮ್ಮಾ ಅದು, ಅಲ್ಲಿ ಯಾರಿಗೂ ಹಾಗೆ ಕಲಿಸಲ್ಲ ಅಂದೆ.”

ಅವಳು ಚಿಮುಟದಲ್ಲಿ ಐದನೆಯ ತಂತಿ ಹಿಡಿದಳು. ಮೊಣಕೈಯನ್ನು ಮೇಜಿಗೆ ಒತ್ತಿ, ಉಸಿರು ಬಿಗಿಹಿಡಿದು ಹೆಣೆದಳು. ನಿಂತಿತು.

“ತೋರಿಸು ಅವರಿಗೆ, ಹೇಗೆ ಕಟ್ಟಬೇಕಿತ್ತು ಅಂತ. ಕಣ್ಣಾರೆ ನೋಡ್ಲಿ.”

“ಅದಕ್ಕೇ ಮಾಡ್ತಿರೋದು, ಅತ್ತೆ.”

“ನನ್ನ ಮಗ ಇದ್ದಿದ್ರೆ, ಇದಕ್ಕೂ ಒಂದು ಚಮಚ ಪೆಟ್ರೋಲ್ ಹಾಕೋಣ ಅಂತಿದ್ದ.” ನಗಲು ಹೋದ ಅತ್ತೆ ಸೆರಗಿನಿಂದ ಬಾಯಿ ಮುಚ್ಚಿಕೊಂಡರು.

ಬೂದು ಬಣ್ಣದ ಮೇಲೆ ಕಪ್ಪನ್ನು ನೀರಾಗಿ ಬಳಿದು ಒರೆಸಿದಳು. ಸಿಲಿಂಡರಿನ ಸಂದಿಗಳಲ್ಲಷ್ಟೇ ಕಪ್ಪು ಉಳಿಯಿತು. ಸಾಲದು, ಹೊಸತನ ಇನ್ನೂ ಇಣುಕುತ್ತಿತ್ತು. ಬೆರಳು ತಾಗುವ ಅಂಚುಗಳನ್ನೆಲ್ಲ ಉಜ್ಜಿ ಸವೆಸಿದಳು. ಚಹಾದಲ್ಲಿ ಅದ್ದಿದ ಬಟ್ಟೆಯಿಂದ ಮರದ ಪೀಠಕ್ಕೆ ಕಲೆ ಹಚ್ಚಿದಳು. ಕಪಾಟಿನ ಮೇಲಿನ ಧೂಳನ್ನು ಕುಂಚದಲ್ಲೆತ್ತಿ ಉದುರಿಸಿದಳು.

“ಚೆನ್ನಾಗಿತ್ತಲ್ಲೇ, ಯಾಕೆ ಗಲೀಜು ಮಾಡ್ತೀಯ?”

“ನಿಜದ್ದರ ಹಾಗೇ ಕಾಣ್ಬೇಕು.”

ನಾಲ್ಕಕ್ಕೆ ಐದು ನಿಮಿಷವಿರುವಾಗಲೇ ಬಾಗಿಲು ಬಡಿದ ಸದ್ದು. ಅಧಿಕಾರಿ ಕೂರಲಿಲ್ಲ. ಮಾದರಿಯನ್ನು ಕಿಟಕಿಯ ಬೆಳಕಿಗೆ ಹಿಡಿದು, ಭೂತಗನ್ನಡಿಯಲ್ಲಿ ತಂತಿಯನ್ನು ಬಹಳ ಹೊತ್ತು ನೋಡಿದರು.

“ಸರಿಯಾಗೇ ಇದೆಯಲ್ಲಮ್ಮಾ.”

“ಅವನು ಸುಳ್ಳ ಅಂತ ನಾನು ಮೊದಲೇ ಹೇಳ್ಲಿಲ್ವಾ?” ಅತ್ತೆ ಗೋಡೆಗೆ ಒರಗಿ ಅತ್ತರು.

ಅಧಿಕಾರಿ ಕಾಗದ ಬಿಡಿಸಿದರು. “ಒಂದೇ ಪ್ರಶ್ನೆ, ಇಲ್ಲಿ ಸಹಿ ಹಾಕೋಕೆ ಮುಂಚೆ. ರಿಪೇರಿಗೆ ಅಂತ ನೀವು ಶಾಲೆಯಿಂದ ಮನೆಗೆ ತಂದದ್ದು, ಮೂರು ವರ್ಷದಿಂದ ಆ ಮೆಕ್ಯಾನಿಕ್ಕೂ ಸೇರಿ ಎಲ್ಲರೂ ನೋಡಿ ಕಲಿತ ಮಾದರಿ ಇದೇ ತಾನೆ?”

“ಇದೇ,” ಎಂದಳು, ತಾನೇ ತಂತಿಯನ್ನು ತಿರುವುಮುರುವಾಗಿ ಕಟ್ಟಿಕೊಟ್ಟಿದ್ದ ಶಾಲೆಯ ಆ ಹಳೆಯ ಮಾದರಿಯನ್ನು ನಿನ್ನೆಯಷ್ಟೇ ಪುಡಿಪುಡಿ ಮಾಡಿದ್ದ ಅವಳು.