ನಾಳೆ ಬರ್ರಿ

ಎಂಬತ್ತೈದು ದಾಟಿದ ನಿವೃತ್ತ ಶಿಕ್ಷಕಿ ಎಡಗೈಗೆ ಸೆರಗು ಸುತ್ತಿಕೊಂಡೇ ಪಕ್ಷದ ಕಾರ್ಯಕರ್ತರಿಬ್ಬರಿಗೆ ಚಹಾ ಕೊಟ್ಟರು.

“ಕೈ ನೋವೇನ್ರಿ ಅಕ್ಕೋರ?”

“ವಯಸ್ಸಾತಲ್ಲಪಾ.”

“ಈ ಸಲ ವೋಟು ನಮಗ ಹಾಕ್ರಿ.”

“ಇನ್ನೂ ವಿಚಾರ ಮಾಡಾಕತ್ತೇನಿ. ನಾಳೆ ಬರ್ರಿ, ಹೇಳ್ತೇನಿ.”

“ನಿನ್ನೆನೂ ಹಿಂಗ ಅಂದಿದ್ರಿ.”

“ವೋಟು ಅಂದ್ರ ಸಣ್ಣ ಮಾತೇನು? ಸಂಜೀಗೆ ಆ ಪಕ್ಷದವ್ರೂ ಬರ್ತಾರ. ಅವರ ಮಾತೂ ಕೇಳಬೇಕಲ್ಲ.”

ಅದನ್ನು ಕೇಳಿ, ಎದ್ದಿದ್ದ ಇಬ್ಬರೂ ಮತ್ತೆ ಕೂತು ಇನ್ನರ್ಧ ತಾಸು ಮಾತಾಡಿದರು.

ಅವರು ಹೋದ ಮೇಲೆ ಅಕ್ಕೋರು ಬಾಗಿಲು ಹಾಕಿ, ಚಹಾದ ಕಪ್ಪು-ಬಸಿ ತೊಳೆಯಲು ಸೆರಗು ಬಿಚ್ಚಿದರು. ಕಳೆದ ವಾರ ಚುನಾವಣಾ ಸಿಬ್ಬಂದಿ ಮನೆಗೇ ಬಂದು ಮತ ಹಾಕಿಸಿಕೊಂಡಾಗ ಬೆರಳಿಗೆ ಹಚ್ಚಿದ ಶಾಯಿ ಇನ್ನೂ ಕಪ್ಪಗೇ ಇತ್ತು.