ಬಾವಿಯೊಳಗೆ ಇಬ್ಬರು

"ಎಷ್ಟು ಜನ ಇದ್ದೀರಿ?" ಯಾಜ್ಗೆಲ್ದಿ ಬಾವಿಗೆ ಬಾಗಿ ಕೂಗಿದ.

"ಒಬ್ಬನೇ," ಹದಿನೈದು ಆಳುದ್ದ ಕೆಳಗಿನಿಂದ ಅಳಿಯ ಚಾರಿಯ ದನಿ ಬಂತು.

ಮುದುಕ ಹಗ್ಗ ಎಳೆಯಲು ಹೊರಟಿದ್ದ ಒಂಟೆಯನ್ನು ತಡೆದ. ಆ ಮರಳುಗಾಡಿನಲ್ಲಿ ಬಾವಿ ತೋಡುವವರು ಯಾರೂ ಕೆಳಗೆ ನಿಂತು ಒಬ್ಬನೇ ಇದ್ದೇನೆ ಎನ್ನುವುದಿಲ್ಲ. ಇಬ್ಬರು ಎನ್ನಬೇಕು. ಇನ್ನೊಬ್ಬರು ಬಾವಿಯವರನ್ನು ಕಾಯುವ ಪೀರರು. ಆ ಮಾತು ಬಾರದೆ ಮೇಲಿನವನು ಹಗ್ಗ ಎಳೆಯುವಂತಿಲ್ಲ. ಮೊನ್ನೆಯವರೆಗೆ ಗ್ಯಾಸ್ ಪೈಪು ಬೆಸೆಯುತ್ತಿದ್ದ ಚಾರಿಗೆ ಇದನ್ನೆಲ್ಲ ಹೇಳಿಯೇ ಇಳಿಸಿದ್ದ.

"ಸರಿಯಾಗಿ ಹೇಳು, ಅಳಿಯ."

"ಇದ್ದದ್ದೇ ಹೇಳ್ದೆ ಮಾವ. ಇಲ್ಲಿ ನನಗೇ ಮೊಣಕೈ ಆಡಿಸೋಕೆ ಜಾಗ ಇಲ್ಲ. ನಿಮ್ಮ ಪೀರರೇನು ನನ್ನ ಹೆಗಲ ಮೇಲೆ ಕೂತಿದಾರಾ?"

"ಹಂಗಾದ್ರೆ ಅಲ್ಲೇ ಇರು. ನಂಗೇನೂ ಅವಸರ ಇಲ್ಲ." ಯಾಜ್ಗೆಲ್ದಿ ಕುಳಿತು ಬಟ್ಟಲಿಗೆ ಚಹಾ ಬಗ್ಗಿಸಿಕೊಂಡ. ಈಗಿನವರಿಗೆ ನಾಲಿಗೆ ಉದ್ದ, ಸ್ವಲ್ಪ ಬಿಸಿ ಮುಟ್ಟಲಿ ಎಂದುಕೊಂಡ. ಒಂದು ಗುಟುಕೂ ಕುಡಿದಿರಲಿಲ್ಲ, ಕೆಳಗೆ ಗೋಡೆಗೆ ಕೊಟ್ಟಿದ್ದ ಕಡ್ಡಿಯ ತಡಿಕೆ ಲಟಕ್ಕೆಂದಿತು.

"ಮಾವ, ಗೋಡೆ ಉದುರ್ತಿದೆ. ಎಳೀರಿ."

ಆಮೇಲೆ ಮರಳು ಸುರಿಯುವ ಸದ್ದು. ಆಮೇಲೆ ಅದೂ ಇಲ್ಲ.

ಮುದುಕ ಬಟ್ಟಲು ಬಿಸಾಡಿ ಬಾವಿಯ ಬಾಯಿಗೆ ಓಡಿದ. ಮನೆಯಲ್ಲಿ ಮಗಳು ಎಂಟು ತಿಂಗಳ ಬಸುರಿ. ಅವಳಿಗೆ ಯಾವ ಮುಖ ತೋರಿಸುವುದು? ಆದರೂ ಕೈ ಹಗ್ಗ ಎಳೆಯಲೊಲ್ಲದು, ನಲವತ್ತು ವರ್ಷದ ರೂಢಿ ಅದು. "ಒಂದೇ ಒಂದು ಮಾತು ಅನ್ನಪ್ಪ, ನಿನ್ನ ಕಾಲಿಗೆ ಬೀಳ್ತೀನಿ. ಎಷ್ಟು ಜನ?"

"ಇಬ್ಬರು."

ದನಿ ಶಾಂತವಾಗಿತ್ತು. ಯಾಜ್ಗೆಲ್ದಿ ಒಂಟೆಯನ್ನು ಹೊಡೆದೆಬ್ಬಿಸಿ ಓಡಿಸಿದ. ಚಾರಿಯ ತಲೆ ಬಾವಿಯ ಬಾಯಿಗೆ ಬಂದಾಗ ಕೆಳಗೆ ಗೋಡೆಯ ಅರ್ಧಭಾಗ ಕುಸಿದು ಧೂಳೆದ್ದಿತು.

"ಈ ಮಾತು ಮೊದಲೇ ಅಂದಿದ್ರೆ ನಿನ್ನ ಗಂಟೇನು ಹೋಗ್ತಿತ್ತೋ?" ಮುದುಕ ಅಳುತ್ತಲೇ ಬೈದ.

ಚಾರಿ ಬಹಳ ಹೊತ್ತು ಮರಳು ಉಗುಳಿದ. "ನಾನು ಅಂದಿಲ್ಲ ಮಾವ. ಬಾಯಿ ತುಂಬ ಮರಳಿತ್ತು, ಕೈ ಎರಡೂ ಹೂತುಹೋಗಿದ್ವು."

ಯಾಜ್ಗೆಲ್ದಿ ಹಗ್ಗ ಬಿಚ್ಚಲು ಹೋದ. ಗಂಟು ಅಳಿಯನ ಬೆನ್ನ ಹಿಂದೆ, ಎರಡು ಹೆಗಲ ಮೂಳೆಗಳ ನಡುವೆ ಇತ್ತು. ಅಲ್ಲಿಗೆ ಚಾರಿಯ ಕೈ ಎಟಕುವಂತಿರಲಿಲ್ಲ, ಇಳಿಸುವಾಗ ತಾನಂತೂ ಅಲ್ಲಿ ಗಂಟು ಹಾಕಿರಲಿಲ್ಲ. ಬಿಚ್ಚಿದ್ದೇ ತಡ ಚಾರಿ ಹಗ್ಗ ಕಿತ್ತುಕೊಂಡು, ಬೋರಲು ಮಲಗಿ, ಅದನ್ನು ಮತ್ತೆ ಬಾವಿಗೆ ಇಳಿಬಿಡತೊಡಗಿದ.

"ಏನೋ ಮಾಡ್ತಿದ್ದೀಯ?"

"ಒಂಟೆ ತಿರುಗಿಸಿ ಮಾವ. ಅವರು ಇನ್ನೂ ಕೆಳಗೇ ಇದಾರೆ."

ಮುದುಕ ಒಂಟೆಯ ಕಡೆ ತಿರುಗಿದ. ನಲವತ್ತು ವರ್ಷ ಪ್ರತಿ ಬಾವಿಯಲ್ಲೂ ಇಬ್ಬರು ಎಂದು ಹೇಳಿಸಿಕೊಂಡೇ ಎಳೆದಿದ್ದ. ಒಬ್ಬನನ್ನು ಎತ್ತಿಕೊಂಡು ಊಟಕ್ಕೆ ಹೋಗಿದ್ದ. ಇನ್ನೊಬ್ಬರಿಗೆಂದು ಹಗ್ಗವನ್ನು ಮತ್ತೆ ಇಳಿಸಬೇಕೆಂದು ಅವನಿಗೆ ಒಮ್ಮೆಯೂ ಹೊಳೆದಿರಲಿಲ್ಲ.