ಪದಕದ ಹೊಳಪು

ಬೆರಳುದ್ದದ ಸೈನಿಕ ಗೊಂಬೆಗೆ ಗುರುಸಿದ್ದ ಬಣ್ಣ ಹಚ್ಚುತ್ತಿದ್ದ. ಗಂಡನ ಹಾಗೆಯೇ ಇರಬೇಕೆಂದು ಅದನ್ನು ಮಾಡಿಸುತ್ತಿದ್ದ ನೀಲವ್ವ ಎದುರಿಗೇ ಕುಳಿತಿದ್ದಳು.

“ಬಂದೂಕು ಭಾಳ ಹೊಳೀತದ್ರಿ. ಹೊಳೆಯೋ ಬಂದೂಕು ವೈರಿಗೆ ದೂರದಿಂದನ ಕಾಣ್ತದ ಅಂತಿದ್ರು ಅವರು.”

ಅವನು ಬೆಳ್ಳಿ ಬಣ್ಣದ ಮೇಲೆ ತೆಳುವಾಗಿ ಕಪ್ಪು ಹಚ್ಚಿ ಬಟ್ಟೆಯಿಂದ ಒರೆಸಿದ. ಬಳಸಿ ಹಳತಾದ ಕಬ್ಬಿಣದಂತೆ ಬಂದೂಕು ಮಂಕಾಯಿತು. ಬೆಲ್ಟಿನ ಬಕಲ್ಲಿಗೂ ಹಾಗೆಯೇ ಮಾಡಿದ. ಅವಳು ಮೆಚ್ಚಿ ತಲೆಯಾಡಿಸಿದಳು.

“ರಜಾಕ್ಕ ಊರಿಗೆ ಬಂದಾಗ ನೋಡಿ ಖುಷಿ ಪಡ್ತಾರ ಬಿಡ್ರಿ ಅಕ್ಕಾರ” ಎನ್ನುತ್ತ ಅವನು ಎದೆಯ ಮೇಲಿನ ಪದಕಕ್ಕೂ ಕಪ್ಪು ಹಚ್ಚಲು ಹೋದ.

ಅವಳು ಕೈ ಅಡ್ಡ ಹಿಡಿದಳು. “ಮೆಡಲಿಗೆ ಬ್ಯಾಡ್ರಿ. ಅದು ಹೊಸಾದು ಇದ್ದಾಂಗ ಇರಲಿ.”

“ಯಾಕ್ರಿ?”

“ಅದನ್ನ ಅವರು ಒಮ್ಮೆನೂ ಹಾಕ್ಕೊಳ್ಳಲಿಲ್ರಿ. ಅವರು ಹೋದಮ್ಯಾಲ ಮಿಲಿಟ್ರಿಯವರು ನನ್ನ ಕೈಯಾಗ ಕೊಟ್ರು.”